ಬೇಹುಗಾರನಾದ ಕಾಮೆಟ್

ಗಡಿನಾಡಿನ ನಮ್ಮ ಮನೆಗಳಿಗೆ ರೇಡಿಯೋ ಬಂದ ಕಾಲ ಹಿರಿಯರ ನೆನಪಿನಲ್ಲಿ ಇನ್ನೂ ಹಸಿರಾಗಿಯೇ ಇದ್ದೀತು. ಜತ್ತದಲ್ಲಿಯೋ ಅಕ್ಕಲಕೋಟೆಯಲ್ಲಿಯೋ ಸಂಜೆಯಾಗುತ್ತಲೇ ಧಾರವಾಡ ಕೇಂದ್ರವನ್ನು ಹಿಡಿಯಲು ಮನೆಯ ಯಜಮಾನರು ಮುಳ್ಳನ್ನು ಕೂದಲೆಳೆಯಷ್ಟು ಅತ್ತ, ಮತ್ತೆ ಇತ್ತ ಸರಿಸುತ್ತಿದ್ದರು. ಗರಗರ ಸದ್ದಿನ ನಡುವಿನಿಂದ ಕನ್ನಡದ ದನಿ ಎದ್ದು ಬಂದೊಡನೆ ಮಕ್ಕಳೂ ಮಾತು ನಿಲ್ಲಿಸುತ್ತಿದ್ದರು. ನಾವು ಕೇಳುತ್ತಿರುವೆವೆಂಬುದು ಧಾರವಾಡಕ್ಕೆ ತಿಳಿಯುವಂತಿರಲಿಲ್ಲ. ಸಾರುವವನು ತನ್ನ ಇರವನ್ನು ಲೋಕಕ್ಕೆಲ್ಲ ಹೇಳಿಕೊಳ್ಳುತ್ತಾನೆ. ಕೇಳುವವನು ಮರೆಯಲ್ಲಿಯೇ ಉಳಿಯುತ್ತಾನೆ. ಯುದ್ಧವಿದ್ಯೆಯ ಒಂದು ದೊಡ್ಡ ಶಾಖೆ ಈ ಸಣ್ಣ ಸಂಗತಿಯನ್ನೇ ನೆಚ್ಚಿ ಬೆಳೆದಿದೆಯೆಂದರೆ ವಾಚಕರಿಗೆ ಅಚ್ಚರಿಯಾದೀತು.

ಶತ್ರುವಿನ ರಾಡಾರ್ ಕೇಂದ್ರವೂ ಸಾರುವವನೇ. ಆಕಾಶದಲ್ಲಿ ಏನು ಹಾರುತ್ತಿದೆಯೆಂದು ತಿಳಿಯಲು ಅದು ರೇಡಿಯೋ ಅಲೆಗಳನ್ನು ಮಿಡಿಮಿಡಿಯಾಗಿ ಹೊರಗೆ ಕಳಿಸುತ್ತಿರಬೇಕು. ಆ ಮಿಡಿತಗಳ ಅಂತರವೆಷ್ಟು, ಒಂದೊಂದರ ಅವಧಿಯೆಷ್ಟು, ಅಲೆಯ ಕಂಪನವೆಷ್ಟು, ಬರುವ ದಿಕ್ಕು ಯಾವುದು ಎಂಬುದನ್ನು ದೂರದಲ್ಲಿ ಕುಳಿತು ಅಳೆದವನಿಗೆ ಆ ಯಂತ್ರದ ಜಾತಿಯೂ ಅದರ ಠಾವೂ ಗೊತ್ತಾಗಿಬಿಡುತ್ತವೆ. ಬಾಗಿಲಾಚೆಯ ಕೆಮ್ಮನ್ನು ಕೇಳಿಯೇ ಬಂದವರು ಇಂಥವರೆಂದು ಮನೆಯ ಅಜ್ಜಿ ಗುರುತಿಸುವುದಿಲ್ಲವೇ, ಇದೂ ಹಾಗೆಯೇ. ಈ ವಿದ್ಯೆಗೆ ಇಲೆಕ್ಟ್ರಾನಿಕ್ ಬೇಹುಗಾರಿಕೆಯೆಂದು ಹೆಸರು. ಇದನ್ನು ಹೊತ್ತು ಹಾರುವ ವಿಮಾನಗಳಲ್ಲಿ ಬಾಂಬುಗಳಿಗಿಂತ ಏರಿಯಲ್‌ಗಳಿಗೇ ಹೆಚ್ಚು ಬೆಲೆ.

ಇದಕ್ಕೆ ವಿಮಾನವೇ ಏಕೆ ಬೇಕು? ದೂರದರ್ಶನ ಬಂದ ದಿನಗಳನ್ನು ನೆನೆದರೆ ಉತ್ತರ ಸಿಕ್ಕೀತು. ಬಿದಿರ ಗಳುವಿನ ತುದಿಗೆ ಏರಿಯಲನ್ನು ಕಟ್ಟಿ, ಮಾಡಿನ ಮೇಲೆ ನಿಂತವನು ತಿರುಗಿಸುತ್ತಿದ್ದರೆ ಕೆಳಗಿನವರು "ಬಂತು, ಬಂತು, ಹೋಯಿತು" ಎಂದು ಕೂಗುತ್ತಿದ್ದುದು ನಮ್ಮ ಊರುಗಳಲ್ಲಿ ಸಾಮಾನ್ಯ ನೋಟವಾಗಿತ್ತು. ಇಂಥ ಅಲೆಗಳು ಹೆಚ್ಚುಕಡಿಮೆ ನೇರವಾಗಿ ಚಲಿಸುವುದರಿಂದ ಭೂಮಿಯ ಬಾಗು ಅವನ್ನು ಮರೆಮಾಡುತ್ತದೆ. ಎತ್ತರ ಹೆಚ್ಚಿದಷ್ಟೂ ಆ ಮರೆ ಹಿಂದೆ ಸರಿಯುತ್ತದೆ. 30,000 ಅಡಿ ಎತ್ತರದಲ್ಲಿರುವ ವಿಮಾನ ಸುಮಾರು 400 ಕಿಲೋಮೀಟರ್ ಆಚೆಯ ರಾಡಾರಿನ ದನಿಯನ್ನು ಕೇಳಬಲ್ಲುದು. ಅನ್ಯರಾಷ್ಟ್ರದ ಗಡಿಯನ್ನು ಮೀರದೆ, ಸಮುದ್ರದ ಮೇಲೆಯೇ ಉಳಿದು, ಒಳನಾಡಿಗೆ ಕಿವಿಗೊಡಬಹುದು.

ಈ ಕೆಲಸಕ್ಕೆ ಯುದ್ಧವಿಮಾನದ ಚುರುಕು ಬೇಡ. ಎತ್ತರದಲ್ಲಿ ಗಂಟೆಗಟ್ಟಲೆ ನಿಲ್ಲುವ ಶಕ್ತಿ, ಯಂತ್ರಗಳಿಗೂ ಆಳುಗಳಿಗೂ ಸ್ಥಳ, ಕೈಕಾಲು ಚಾಚಿ ಎದ್ದು ಕೂರುವ ಅನುಕೂಲ ಇಷ್ಟಿದ್ದರೆ ಸಾಕು. ಈ ಗುಣಗಳನ್ನೆಲ್ಲ ಒಟ್ಟಿಗೆ ಕೂಡಿಸಿಕೊಂಡಿರುವುದು ಪ್ರಯಾಣಿಕರ ವಿಮಾನ. ಹಲವು ದೇಶಗಳು ಅಂಥ ವಿಮಾನಗಳ ಆಸನಗಳನ್ನು ಕಿತ್ತು ಯಂತ್ರಗಳನ್ನು ಹೂಡಿದವು. ಅವುಗಳಲ್ಲೆಲ್ಲ ನಮ್ಮ ಮನಸ್ಸನ್ನು ಹಿಡಿದದ್ದು ಬ್ರಿಟನ್ನಿನ ಕಾಮೆಟ್ ವಿಮಾನದ ಚರಿತ್ರೆ. ಅದರ ಮೊದಲ ದುರಂತಗಳಲ್ಲಿ ಒಂದು ನಮ್ಮ ದೇಶದ ಮಣ್ಣಿನ ಮೇಲೆಯೇ ನಡೆಯಿತು.

ಚೌಕ ಕಿಟಕಿಗಳ ವಿಮಾನ

ಡಿ ಹ್ಯಾವಿಲಂಡ್ ಕಂಪನಿ ಕಟ್ಟಿದ ಕಾಮೆಟ್ 1949ರ ಜುಲೈ 27ರಂದು ಮೊದಲ ಸಲ ಹಾರಿತು. 1952ರ ಮೇ 2ರಂದು ಲಂಡನ್ನಿನಿಂದ ಜೋಹಾನ್ಸ್‌ಬರ್ಗಿಗೆ 36 ಪ್ರಯಾಣಿಕರನ್ನು ಹೊತ್ತು ಹೊರಟಿತು. ಹಣ ಕೊಟ್ಟು ಜೆಟ್ ವಿಮಾನದಲ್ಲಿ ಕುಳಿತ ಲೋಕದ ಮೊದಲ ಪ್ರಯಾಣಿಕರು ಅವರೇ. ಅದುವರೆಗಿನ ವಿಮಾನಗಳು ತಿರುಗುವ ಪಂಕಗಳಿಂದ ಗಡಗಡಿಸುತ್ತ ಮೋಡಗಳ ನಡುವೆಯೇ ಹಾರುತ್ತಿದ್ದರೆ, ಕಾಮೆಟ್ ಮೋಡಗಳನ್ನು ಕೆಳಗೆ ಬಿಟ್ಟು 35,000 ಅಡಿಯನ್ನೂ ಮೀರಿ ಏರಿತು. ಅಷ್ಟು ಎತ್ತರದ ತೆಳುಗಾಳಿಯಲ್ಲಿ ಮನುಷ್ಯ ಬದುಕಲಾರನಾದ್ದರಿಂದ ವಿಮಾನದೊಳಕ್ಕೆ ಗಾಳಿಯನ್ನು ಒತ್ತಿ ತುಂಬಿ, ಒಳಗಿನವರಿಗೆ 8,000 ಅಡಿಯ, ಎಂದರೆ ನಮ್ಮ ನೀಲಗಿರಿಯ ಮೇಲ್ನಾಡಿನ ಹವೆಯನ್ನು ಒದಗಿಸುತ್ತಿದ್ದರು. ಈ ಒತ್ತಡದಲ್ಲಿಯೇ ಮುಂದಿನ ಕೇಡಿನ ಬೀಜವಿತ್ತು.

ಮೊದಲ ಸೇವೆಗೆ ಸರಿಯಾಗಿ ಒಂದು ವರ್ಷವಾದ ದಿನ, 1953ರ ಮೇ 2ರಂದು, ಸಿಂಗಪುರದಿಂದ ಲಂಡನ್ನಿಗೆ ಸಾಗಿದ್ದ ಕಾಮೆಟ್ ಕಲಕತ್ತೆಯ ಡಂಡಂ ನಿಲ್ದಾಣದಿಂದ ದಿಲ್ಲಿಯ ಕಡೆಗೆ ಎದ್ದಿತು. ಆರೇ ನಿಮಿಷಗಳಲ್ಲಿ ಗುಡುಗುಮಳೆಯ ಮೋಡದೊಳಗೆ ಸಿಕ್ಕಿ ಹೋಳಾಗಿ ಬಂಗಾಲದ ಹೂಗ್ಲಿ ಜಿಲ್ಲೆಯ ಹಳ್ಳಿಯೊಂದರ ಬಳಿ ಉರುಳಿತು. ಒಳಗಿದ್ದ 43 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ನಮ್ಮ ಸರಕಾರ ನಡೆಸಿದ ವಿಚಾರಣೆಯಲ್ಲಿ ಬಿರುಗಾಳಿಯ ಹೊಡೆತದತ್ತ ಬೆರಳು ಹೋಯಿತು. ಬೈಶಾಖದ ಬಂಗಾಲಿ ಬಿರುಗಾಳಿಯನ್ನು ಕಂಡವರಾರೂ ಆ ಮಾತನ್ನು ಅಲ್ಲಗಳೆಯಲಾರರು. ಆದರೆ 1954ರ ಜನವರಿ 10ರಂದು ಇಟಲಿಯ ಎಲ್ಬಾ ದ್ವೀಪದ ಬಳಿ ಇನ್ನೊಂದು ಕಾಮೆಟ್ ಒಡೆದು 35 ಮಂದಿ ಸತ್ತರು. ಜೋಹಾನ್ಸ್‌ಬರ್ಗಿನ ಆ ಮೊದಲ ಪಯಣವನ್ನು ಮಾಡಿದ್ದ ವಿಮಾನವೇ ಅದು. ಕೆಲವು ವಾರ ನಿಲ್ಲಿಸಿದ್ದ ಸೇವೆಯನ್ನು ಮಾರ್ಚ್ ತಿಂಗಳಲ್ಲಿ ಮತ್ತೆ ಆರಂಭಿಸಿದರು; ಏಪ್ರಿಲ್ 8ರಂದು ಮತ್ತೊಂದು ಕಾಮೆಟ್ ನೇಪಲ್ಸಿನ ಆಚೆಯ ಕಡಲಿಗೆ ಬಿದ್ದು 21 ಮಂದಿ ಕಣ್ಮರೆಯಾದರು. ಕಾಮೆಟ್‌ಗಳ ಹಾರಾಟದ ಪರವಾನಿಗೆಯನ್ನೇ ಸರಕಾರ ಹಿಂತೆಗೆದುಕೊಂಡಿತು.

ಆಮೇಲೆ ನಡೆದ ಶೋಧನೆ ವಿಜ್ಞಾನದ ಚರಿತ್ರೆಯಲ್ಲಿ ಹೆಸರಾದದ್ದು. ಫಾರ್ನ್‌ಬರೋ ಸಂಶೋಧನಾಲಯದಲ್ಲಿ ಆರ್ನಾಲ್ಡ್ ಹಾಲ್ ಅವರ ಮುಂದಾಳುತನದಲ್ಲಿ ಒಂದು ಪೂರ್ತಿ ಕಾಮೆಟನ್ನೇ ನೀರಿನ ತೊಟ್ಟಿಯಲ್ಲಿ ಮುಳುಗಿಸಿದರು. ರೆಕ್ಕೆಗಳು ಮಾತ್ರ ಹೊರಗೆ. ಒಳಗೂ ನೀರು ತುಂಬಿ ಪಂಪಿನಿಂದ ಒತ್ತಡ ಏರಿಸುವುದು, ಇಳಿಸುವುದು. ಹೀಗೆ ಏರಿಸಿ ಇಳಿಸಿದರೆ ಒಂದು ಹಾರಾಟದ ಲೆಕ್ಕ. ಆ ವಿಮಾನ ನಿಜವಾಗಿ 1,221 ಸಲ ಹಾರಿತ್ತು. ತೊಟ್ಟಿಯಲ್ಲಿ ಇನ್ನೂ 1,836 ಹಾರಾಟಗಳನ್ನು ಕಂಡ ಮೇಲೆ ಅದರ ಮೈ ಬಿರಿಯಿತು. ಕಬ್ಬಿಣದ ತಂತಿಯನ್ನು ಒಂದೇ ಕಡೆ ಬಗ್ಗಿಸಿ ನೆಟ್ಟಗೆ ಮಾಡುತ್ತ ಹೋದರೆ ಕಡೆಗೊಮ್ಮೆ ಪಟ್ಟನೆ ಮುರಿಯುವುದಷ್ಟೆ, ಲೋಹಕ್ಕೂ ದಣಿವುಂಟು. ಚೌಕವಾದ ತೆರಪುಗಳ ಮೂಲೆಗಳಲ್ಲಿ ಆ ದಣಿವು ಬೇಗ ಮನೆಮಾಡುತ್ತದೆ. ಎಲ್ಬಾದ ಕಡಲ ತಳದಿಂದ ಮೇಲೆತ್ತಿದ ತುಂಡುಗಳನ್ನು ಜೋಡಿಸಿ ನೋಡಿದಾಗ ಬಿರುಕು ಎಲ್ಲಿಂದ ಹೊರಟಿತ್ತೆಂಬುದು ಗೊತ್ತಾಯಿತು. ಅದು ಪ್ರಯಾಣಿಕರು ಹೊರನೋಡುವ ಕಿಟಕಿಯಲ್ಲ. ವಿಮಾನದ ನೆತ್ತಿಯಲ್ಲಿ ದಿಕ್ಕು ತೋರುವ ರೇಡಿಯೋವಿನ ಏರಿಯಲ್ಲಿಗಾಗಿ ಕೊರೆದ ತೆರಪು.

ಈ ಒಂದು ವಿವರವನ್ನು ವಾಚಕರು ನೆನಪಿನಲ್ಲಿಡಬೇಕೆಂದು ನಮ್ಮ ಕೋರಿಕೆ.

ಕಿವಿಗಳನ್ನು ಧರಿಸಿದ ವಿಮಾನ

ಆ ಹೊತ್ತಿಗೆ ಕಾಮೆಟಿನ ಎರಡನೆಯ ಮಾದರಿ ಕಾರಖಾನೆಯಲ್ಲಿ ಸಿದ್ಧವಾಗುತ್ತಿತ್ತು. ವಿಚಾರಣೆಯ ಬಳಿಕ ಟಿಕೆಟು ಕೊಂಡು ಅದರಲ್ಲಿ ಕೂರುವವರು ಯಾರು? ಕಟ್ಟಿದ ವಿಮಾನಗಳನ್ನು ಬ್ರಿಟನ್ನಿನ ವಾಯುಪಡೆ ತೆಗೆದುಕೊಂಡಿತು. ಹೆಚ್ಚಿನವುಗಳ ಮೈ ತಗಡನ್ನು ಬಲಪಡಿಸಿ, ಕಿಟಕಿಗಳನ್ನು ಗುಂಡಾಗಿಸಿ ಸೈನಿಕರ ಸಾಗಣೆಗೆ ಬಳಸಿದರು. ಕೆಲವಕ್ಕೆ ಬೇರೆಯದೇ ಗತಿ ಕಾದಿತ್ತು. ಮೂರು ಕಾಮೆಟ್‌ಗಳ ಆಸನಗಳ ಜಾಗದಲ್ಲಿ ಗ್ರಾಹಕ ಯಂತ್ರಗಳನ್ನು ಸಾಲಾಗಿ ಹೂಡಿ, ಹೊಟ್ಟೆಯಡಿಯಲ್ಲಿ ಏರಿಯಲ್‌ಗಳನ್ನು ಅಳವಡಿಸಿ, 1957ರ ಸುಮಾರಿಗೆ ವಾಟನ್ ನೆಲೆಯಲ್ಲಿದ್ದ 192ನೆಯ ಸ್ಕ್ವಾಡ್ರನ್ನಿಗೆ ಒಪ್ಪಿಸಿದರು. ಸಾಗಣೆಯ ಕಾಮೆಟ್‌ಗಳಿಗೆ ಕೊಡುತ್ತಿದ್ದ ಪೂರ್ಣ ಗಾಳಿಯೊತ್ತಡ ಇವಕ್ಕಿರಲಿಲ್ಲ. ಪ್ರಯಾಣಿಕರಿಗೆ ಒಪ್ಪದ ಮೈಯಲ್ಲಿ ಸೈನಿಕರು ಹೋಗಬಹುದೆಂದು ತೀರ್ಮಾನಿಸಿದಂತಾಯಿತು. ಸೈನಿಕನ ಮನೆಯಲ್ಲಿಯೂ ದಾರಿ ಕಾಯುವವರಿರುತ್ತಾರೆ ಎಂಬ ಮಾತು ಇಂಥ ತೀರ್ಮಾನಗಳ ಕಡತದಲ್ಲಿ ಬರುವುದು ಅಪೂರ್ವ.

192ನೆಯ ಸ್ಕ್ವಾಡ್ರನ್ 1958ರಲ್ಲಿ 51ನೆಯದೆಂದು ಹೆಸರು ಬದಲಿಸಿಕೊಂಡಿತು. ಹೆಸರು ಬದಲಾದರೂ ಕೆಲಸ ಅದೇ: ಸೋವಿಯತ್ ಒಕ್ಕೂಟದ ಅಂಚುಗಳ ಗುಂಟ ಹಾರುತ್ತ ಆ ದೇಶದ ರಾಡಾರ್‌ಗಳಿಗೆ ಕಿವಿಗೊಡುವುದು. ಕಾಮೆಟ್‌ಗಳು 1970ರ ದಶಕದ ನಡುವಿನವರೆಗೆ ಈ ಊಳಿಗ ಮಾಡಿ ವಿಶ್ರಾಂತಿ ಪಡೆದವು. ಅವುಗಳ ಜಾಗಕ್ಕೆ ಬಂದದ್ದು ಕಾಮೆಟಿನದೇ ಕುಡಿ. ನಾಲ್ಕನೆಯ ಕಾಮೆಟ್ ಮಾದರಿಯ ಹೊಟ್ಟೆಗೆ ಇನ್ನೊಂದು ಹೊಟ್ಟೆಯನ್ನು ತಗುಲಿಸಿದಂತೆ ಕಾಣುವ ನಿಮ್ರಾಡ್, ಮೊದಲಿಗೆ ಸಬ್‌ಮೆರೀನುಗಳನ್ನು ಬೇಟೆಯಾಡಲು ಹುಟ್ಟಿದ್ದು. ಬೈಬಲಿನ ಬೇಟೆಗಾರನ ಹೆಸರು ಅದಕ್ಕೆ ಬಂದುದು ಹಾಗೆ. ಅದರ ಮೊದಲ ಎರಡು ಮಾದರಿಗಳನ್ನು ಮಾರಾಟವಾಗದೆ ಉಳಿದಿದ್ದ ಕಾಮೆಟ್‌ಗಳಿಂದಲೇ ಮಾಡಿದ್ದರು. ಈ ವಂಶದ ಮೂರು ವಿಮಾನಗಳನ್ನು ಬೇಹಿಗಾಗಿ ಬೇರೆಯಾಗಿಯೇ ಸಿದ್ಧಗೊಳಿಸಿ 1974ರಲ್ಲಿ 51ನೆಯ ಸ್ಕ್ವಾಡ್ರನ್ನಿಗೆ ಕೊಟ್ಟರು. ಅವುಗಳ ಹೆಸರು ನಿಮ್ರಾಡ್ ಆರ್-1.

ಒಳಗೆ ಹೊಕ್ಕರೆ ರೈಲಿನ ಅಂಚೆ ಡಬ್ಬಿಯ ನೆನಪಾಗಬೇಕು. ಉದ್ದನೆಯ ಕೊಳವೆಯಂಥ ಕೋಣೆ, ಯಂತ್ರಪೆಟ್ಟಿಗೆಗಳ ಸಾಲು, ಅವುಗಳ ಮುಂದೆ ಕಿವಿಗೆ ಕೇಳುಗವಿ ಕಟ್ಟಿಕೊಂಡು ಕುಳಿತ ಇಪ್ಪತ್ತಕ್ಕೂ ಹೆಚ್ಚು ಮಂದಿ. ಕೆಲವರಿಗೆ ರಾಡಾರಿನ ಮಿಡಿತ. ಕೆಲವರಿಗೆ ಪರಭಾಷೆಯ ಮಾತುಕತೆ. ಹೊರಗಿನ ಲೋಕಕ್ಕೆ ಇವು ರಾಡಾರ್ ಉಪಕರಣಗಳ ಅಳತೆ ಸರಿಪಡಿಸುವ ವಿಮಾನಗಳೆಂದು ಸರಕಾರ ಬಹುಕಾಲ ಹೇಳುತ್ತಿತ್ತು. ಎಂಟು-ಹತ್ತು ಗಂಟೆ ಆಕಾಶದಲ್ಲಿ ಕಳೆದು ಮನೆಗೆ ಬಂದವನು ಹೆಂಡತಿಯೊಡನೆ ಊಟದ ರುಚಿಯ ಮಾತಾಡಬಹುದು, ಹವೆಯ ಮಾತಾಡಬಹುದು. ದಿನವಿಡೀ ಕೇಳಿದ ಮಾತನ್ನು ಮಾತ್ರ ಆಡುವಂತಿಲ್ಲ. 1982ರಲ್ಲಿ ಫಾಕ್‌ಲೆಂಡ್ ದ್ವೀಪಗಳಿಗಾಗಿ ಬ್ರಿಟನ್ನಿಗೂ ಅರ್ಜೆಂಟೈನಾಕ್ಕೂ ಕಾಳಗ ನಡೆದಾಗ ಚಿಲಿ ದೇಶದ ಗುಟ್ಟಿನ ನೆರವಿನಿಂದ ಒಂದು ಆರ್-1 ಪೆಸಿಫಿಕ್ ಸಾಗರದ ಕಡೆಯಿಂದ ಹಾರಿತ್ತೆಂಬ ಸಂಗತಿ ಹೊರಬಿದ್ದದ್ದು ಎಷ್ಟೋ ವರ್ಷಗಳಾದ ಮೇಲೆ.

ಬೇಹಿನ ವಿಮಾನ ಪ್ರಯಾಣಿಕರ ವಿಮಾನದ ರೂಪವನ್ನು ತಳೆದರೆ ಅದರ ಪಾಪ ನಿರಪರಾಧಿಗಳ ಮೇಲೆ ಬೀಳುವುದೂ ಉಂಟು. ಅಮೆರಿಕದ ಆರ್‌ಸಿ-135 ಎಂಬ ಬೇಹುವಿಮಾನವೂ ಬೋಯಿಂಗ್ 707 ಎಂಬ ಪ್ರಯಾಣಿಕ ವಿಮಾನವೂ ಒಂದೇ ಮೂಲ ಮಾದರಿಯಿಂದ ಹುಟ್ಟಿದ ಒಡಹುಟ್ಟುಗಳು. 1978ರ ಏಪ್ರಿಲ್ 20ರಂದು ಪ್ಯಾರಿಸಿನಿಂದ ಹೊರಟ ಕೊರಿಯಾದ ಬೋಯಿಂಗ್ 707 ದಾರಿ ತಪ್ಪಿ ಸೋವಿಯತ್ ಒಕ್ಕೂಟದ ಮುರ್ಮಾನ್ಸ್ಕ್ ಪ್ರಾಂತದ ಮೇಲೆ ಬಂದಾಗ ಅಲ್ಲಿನವರು ಅದನ್ನು ಆರ್‌ಸಿ-135 ಎಂದೇ ಎಣಿಸಿ ಹೊಡೆದರು. ಹೆಪ್ಪುಗಟ್ಟಿದ ಸರೋವರದ ಮೇಲೆ ಇಳಿಸಿದ್ದರಿಂದ ಇಬ್ಬರ ಹೊರತು ಉಳಿದವರು ಬದುಕಿದರು. 1983ರ ಸೆಪ್ಟೆಂಬರ್ 1ರಂದು ಅದೇ ಕಂಪನಿಯ 747 ವಿಮಾನಕ್ಕೆ ಆ ಭಾಗ್ಯವೂ ಇರಲಿಲ್ಲ. ಆ ರಾತ್ರಿ ಕಾಮ್‌ಚಾಟ್ಕಾದ ಆಚೆ ಒಂದು ಆರ್‌ಸಿ-135 ಹಾರಿ ಹೋಗಿತ್ತು. ದಾರಿ ತಪ್ಪಿ ಬಂದ ಪ್ರಯಾಣಿಕ ವಿಮಾನವನ್ನೂ ಬೇಹಿನದೆಂದೇ ತಿಳಿದರು. ಸತ್ತವರು 269 ಮಂದಿ.

ಕೂಡಿಸಿದ್ದೆಲ್ಲ ಭಾರ

ನಿಮ್ರಾಡಿನ ಕಥೆಗೆ ಮರಳೋಣ. 1995ರ ಮೇ 16ರಂದು ಮೂರು ಆರ್-1ಗಳಲ್ಲಿ ಒಂದು ದೊಡ್ಡ ದುರಸ್ತಿ ಮುಗಿಸಿಕೊಂಡು ಸ್ಕಾಟ್ಲೆಂಡಿನಲ್ಲಿ ಪರೀಕ್ಷಾರ್ಥವಾಗಿ ಹಾರಿತು. ಎಂಜಿನ್ನಿಗೆ ಬೆಂಕಿ ಹತ್ತಿ ಅದು ರೆಕ್ಕೆಯನ್ನು ಸುಡತೊಡಗಿತು. ನೆಲೆ ಮುಟ್ಟುವವರೆಗೆ ರೆಕ್ಕೆ ಉಳಿಯಲಾರದೆಂದು ಕಂಡ ಚಾಲಕ ಆರ್ಟ್ ಸ್ಟೇಸಿ ವಿಮಾನವನ್ನು ಮೋರೆ ಖಾರಿಯ ನೀರಿನ ಮೇಲೆಯೇ ಇಳಿಸಿದರು. ಅಷ್ಟು ದೊಡ್ಡ ವಿಮಾನವನ್ನು ಅಲೆಗಳ ಮೇಲೆ ಇಳಿಸಿಯೂ ಒಳಗಿದ್ದ ಏಳು ಮಂದಿಯನ್ನೂ ಬದುಕಿಸಿದುದು ಸಾಮಾನ್ಯ ಕೌಶಲವಲ್ಲ. ಮುಳುಗಿದ್ದರ ಬದಲಿಗೆ ಸಬ್‌ಮೆರೀನ್ ಬೇಟೆಯ ಒಂದು ನಿಮ್ರಾಡನ್ನು ಬೇಹಿನದಾಗಿ ಮಾರ್ಪಡಿಸಿದರು.

ಹನ್ನೊಂದು ವರ್ಷಗಳ ಬಳಿಕ ಈ ವಂಶದ ಇನ್ನೊಂದು ವಿಮಾನಕ್ಕೆ ಅಂಥ ಅವಕಾಶ ಸಿಗಲಿಲ್ಲ. ಅದು ಆರ್-1 ಅಲ್ಲ, ಅದರ ಸೋದರ. ವಾಯುಪಡೆಗೆ 1969ರಲ್ಲಿ ಎಲ್ಲಕ್ಕೂ ಮೊದಲು ಬಂದ ನಿಮ್ರಾಡ್. 2006ರ ಸೆಪ್ಟೆಂಬರ್ 2ರಂದು ಅಫಘಾನಿಸ್ತಾನದ ಕಂದಹಾರದ ಬಳಿ ಆಕಾಶದಲ್ಲಿಯೇ ಇನ್ನೊಂದು ವಿಮಾನದಿಂದ ಇಂಧನ ತುಂಬಿಕೊಂಡ ಕೆಲವೇ ನಿಮಿಷಗಳಲ್ಲಿ ಅದರ ಒಡಲೊಳಗೆ ಬೆಂಕಿ ಎದ್ದಿತು. 14 ಮಂದಿ ಮಡಿದರು. ಸೋರಿದ ಇಂಧನ ಸುಡುಗಾಳಿಯ ಕೊಳವೆಯೊಂದಕ್ಕೆ ತಗುಲಿರಬೇಕೆಂದು ವಿಚಾರಣೆ ಹೇಳಿತು. ಅಗಲಿದವರ ಮನೆಯವರು ಅಷ್ಟಕ್ಕೇ ಸುಮ್ಮನಾಗಲಿಲ್ಲ. ಆ ಕೊಳವೆ ಅಲ್ಲಿಗೆ ಹೇಗೆ ಬಂತೆಂದು ಕೇಳಿದರು. ಚಾರ್ಲ್ಸ್ ಹ್ಯಾಡನ್-ಕೇವ್ ಎಂಬ ನ್ಯಾಯವಾದಿ 2009ರಲ್ಲಿ ಕೊಟ್ಟ ವರದಿ ಅದಕ್ಕೆ ಉತ್ತರ.

ಆ ವರದಿಯ ತಿರುಳನ್ನು ಮನೆಮಾತಿನಲ್ಲಿ ಹೀಗೆ ಹೇಳಬಹುದು. ಹಳೆಯ ಮನೆಗೆ ಒಮ್ಮೆ ಅಡಿಗೆಮನೆಯ ಹೊಗೆಗೂಡು ಕಟ್ಟಿದರು. ಇನ್ನೊಮ್ಮೆ ಅದನ್ನು ಬಚ್ಚಲವರೆಗೆ ಎಳೆದರು. ಮತ್ತೊಂದು ತಲೆಮಾರಿನಲ್ಲಿ ಅದರ ಮಗ್ಗುಲಲ್ಲಿಯೇ ಸೀಮೆಯೆಣ್ಣೆಯ ಪೀಪಾಯಿ ಇಟ್ಟರು. ಒಂದೊಂದು ಸಲವೂ ಕೆಲಸ ಮಾಡಿದವನು ತನ್ನ ಕೆಲಸವನ್ನಷ್ಟೇ ನೋಡಿದ. ಇಡೀ ಮನೆಯನ್ನು ಒಟ್ಟಿಗೆ ನೋಡಿದವರಿಲ್ಲ. ನಿಮ್ರಾಡಿನಲ್ಲಿ ಸುಡುಗಾಳಿಯ ಕೊಳವೆ ಮೊದಲಿನಿಂದಲೂ ಇತ್ತು. ಯಂತ್ರಗಳನ್ನು ತಂಪಾಗಿಸುವ ಸಾಧನಕ್ಕಾಗಿ ಅದನ್ನು ಮುಂದೆ ಹಿಗ್ಗಿಸಿದರು. 1982ರ ಕಾಳಗದ ತುರ್ತಿನಲ್ಲಿ ಆಕಾಶದಲ್ಲಿ ಇಂಧನ ತುಂಬುವ ಕೊಳವೆಗಳನ್ನು ಕೂಡಿಸಿದರು. ಮುಂದೆ ಇಡೀ ವಿಮಾನದ ಸುರಕ್ಷತೆಯನ್ನು ಪರಿಶೀಲಿಸಲು ಕಾಗದಪತ್ರದ ದೊಡ್ಡ ಕೆಲಸವೇನೋ ನಡೆಯಿತು. ಆದರೆ ಇಷ್ಟು ವರ್ಷ ಹಾರಿದ ವಿಮಾನ ಸುರಕ್ಷಿತವೇ ಇರಬೇಕೆಂಬ ನಂಬಿಕೆಯಿಂದಲೇ ಅದು ಹೊರಟಿದ್ದರಿಂದ ದೋಷ ಕಣ್ಣಿಗೆ ಬೀಳಲಿಲ್ಲವೆಂದು ವರದಿ ಕಟುವಾಗಿ ನುಡಿದಿದೆ. 1954ರಲ್ಲಿ ಫಾರ್ನ್‌ಬರೋದ ತೊಟ್ಟಿಯಲ್ಲಿ ಕಲಿತ ಪಾಠ ಅದೇ ವಂಶದ ವಿಮಾನದಲ್ಲಿ ಮರೆತುಹೋದುದನ್ನು ಏನೆನ್ನೋಣ! ಅಂದು ಏರಿಯಲ್ಲಿಗಾಗಿ ಕೊರೆದ ತೆರಪು, ಇಂದು ಬೇರೆ ಕೆಲಸಕ್ಕಾಗಿ ಕೂಡಿಸಿದ ಕೊಳವೆ. ವರದಿಯ ಬಳಿಕ ಬ್ರಿಟನ್ ಸೇನಾವಿಮಾನಗಳ ಸುರಕ್ಷತೆಗೆಂದೇ 2010ರಲ್ಲಿ ಪ್ರತ್ಯೇಕ ಪ್ರಾಧಿಕಾರವನ್ನು ಸ್ಥಾಪಿಸಿತು.

ಆರ್-1ಗಳು 2011ರ ಮಾರ್ಚ್ ತಿಂಗಳಲ್ಲೇ ನಿವೃತ್ತಿಯಾಗಬೇಕಿತ್ತು. ಲಿಬಿಯಾದ ಕಾಳಗ ಬಂದುದರಿಂದ ಇನ್ನೂ ಮೂರು ತಿಂಗಳು ದುಡಿದು ಜೂನ್ 28ರಂದು ಬೀಳ್ಕೊಂಡವು. ಮೊದಲ ಕಾಮೆಟ್ ಹಾರಿ ಅಂದಿಗೆ 62 ವರ್ಷವಾಗುತ್ತ ಬಂದಿತ್ತು. ಮುಳುಗಿದ್ದರ ಬದಲಿಗೆ ಬಂದಿದ್ದ ಆ ವಿಮಾನ ಈಗ ಕಾಸ್‌ಫರ್ಡಿನ ವಾಯುಪಡೆಯ ವಸ್ತುಸಂಗ್ರಹಾಲಯದಲ್ಲಿದೆ. 51ನೆಯ ಸ್ಕ್ವಾಡ್ರನ್ ಈಗ ಹಾರಿಸುತ್ತಿರುವುದು ಅಮೆರಿಕದಿಂದ ಪಡೆದ ಆರ್‌ಸಿ-135ಗಳನ್ನು.

ಇಷ್ಟನ್ನೂ ನಾವು ಏಕೆ ಬರೆದೆವೆಂದರೆ, ಬೇರೆ ಕೆಲಸಕ್ಕೆ ಹುಟ್ಟಿದ ವಿಮಾನದ ಮೈಗೆ ಹೊಸ ಯಂತ್ರ ಹೂಡುವ ಈ ವಿದ್ಯೆ ಈಗ ಬೆಂಗಳೂರಿನಲ್ಲಿಯೂ ಬೆಳೆಯುತ್ತಿದೆ. ಅಲ್ಲಿನ ರಕ್ಷಣಾ ಸಂಶೋಧನಾ ಸಂಸ್ಥೆಯ ವಾಯುವಾಹಿತ ವ್ಯವಸ್ಥೆಗಳ ಕೇಂದ್ರ ಇದರಲ್ಲಿ ತೊಡಗಿದೆ. ಅದರ ಮೊದಲ ಪ್ರಯತ್ನ ಆವ್ರೋ ವಿಮಾನದ ಬೆನ್ನ ಮೇಲೆ ತಿರುಗುವ ರಾಡಾರ್ ಗುಮ್ಮಟವನ್ನು ಹೊರಿಸುವುದಾಗಿತ್ತು. ಆವ್ರೋ ಜೆಟ್ ಅಲ್ಲ, ಪಂಕದ ವಿಮಾನ. ನಮ್ಮಲ್ಲಿ ಎಷ್ಟೋ ಮಂದಿಯ ಮೊದಲ ವಿಮಾನಯಾನ ಅದರಲ್ಲಿಯೇ ಆದುದು. 1999ರ ಜನವರಿ 11ರಂದು ತಮಿಳುನಾಡಿನ ಅರಕ್ಕೋಣದ ಬಳಿ ಆ ಗುಮ್ಮಟ ಕಳಚಿಕೊಂಡು ವಿಮಾನ ನೆಲಕ್ಕೆ ಬಿತ್ತು. ವಿಜ್ಞಾನಿಗಳೂ ವಾಯುಪಡೆಯವರೂ ಸೇರಿ ಎಂಟು ಮಂದಿ ತೀರಿಕೊಂಡರು. ಯೋಜನೆಯೂ ಅಲ್ಲಿಗೆ ನಿಂತಿತು. ಕೂಡಿಸಿದ ವಸ್ತುವಿನ ಭಾರ ತೂಕದಲ್ಲಿ ಮಾತ್ರ ಇರುವುದಿಲ್ಲವೆಂಬುದಕ್ಕೆ ಎಲ್ಬಾ, ಕಂದಹಾರಗಳ ಜೊತೆಗೆ ನಮ್ಮ ಅರಕ್ಕೋಣವನ್ನೂ ಎಣಿಸಬೇಕಾಗಿ ಬಂದುದು ವಿಷಾದದ ಸಂಗತಿ.

ಆದರೆ ಆ ಕೇಂದ್ರದವರು ಕೈಚೆಲ್ಲಲಿಲ್ಲ. ಬ್ರೆಜಿಲ್ಲಿನ ಎಂಬ್ರಾಯರ್ ಎಂಬ ಸಣ್ಣ ಪ್ರಯಾಣಿಕ ಜೆಟ್ಟಿನ ಬೆನ್ನ ಮೇಲೆ ಈ ಸಲ ಗುಮ್ಮಟದ ಬದಲಿಗೆ ತೊಲೆಯಂತೆ ನೀಳವಾದ ರಾಡಾರನ್ನು ಕೂರಿಸಿದರು. ಪರರ ರಾಡಾರಿಗೂ ಮಾತಿಗೂ ಕಿವಿಗೊಡುವ ಯಂತ್ರಗಳನ್ನೂ ಅದರೊಳಗೆ ಇಟ್ಟರು. ನೇತ್ರ ಎಂದು ಹೆಸರಿಟ್ಟ ಈ ವಿಮಾನ 2017ರ ಫೆಬ್ರವರಿಯಲ್ಲಿ ಯಲಹಂಕದ ವಿಮಾನ ಪ್ರದರ್ಶನದ ಸಂದರ್ಭದಲ್ಲಿ ವಾಯುಪಡೆಯನ್ನು ಸೇರಿತು. ಕಿವಿಯೂ ಉಳ್ಳ ವಿಮಾನಕ್ಕೆ ಕಣ್ಣಿನ ಹೆಸರು. ಇರಲಿ, ಹೆಸರು ಚೆನ್ನಾಗಿಯೇ ಇದೆ.

ಇದಕ್ಕಿಂತ ದೊಡ್ಡ ಮುಂದಿನ ಮಾದರಿಗಾಗಿ ಏರ್ ಇಂಡಿಯಾದಲ್ಲಿ ಪ್ರಯಾಣಿಕರನ್ನು ಹೊತ್ತ ಆರು ಏರ್‌ಬಸ್ ಎ-321 ವಿಮಾನಗಳನ್ನು ಆರಿಸಿದ್ದಾರೆ. ಗಡಿಯಾಚೆಯ ನಮ್ಮ ಮನೆಗಳಿಂದ ಕೊಲ್ಲಿ ದೇಶಗಳಿಗೆ, ದಿಲ್ಲಿ-ಮುಂಬಯಿಗಳಿಗೆ ದುಡಿಮೆಗಾಗಿ ಹೋಗಿ ಬರುವವರು ಸಾವಿರಾರು. ಅವರಲ್ಲಿ ಯಾರೋ ಒಬ್ಬರು ಆ ಆರರಲ್ಲೊಂದರ ಕಿಟಕಿಯ ಪಕ್ಕದ ಆಸನದಲ್ಲಿ ಕುಳಿತು ಊರಿನ ದೀಪಗಳು ಕಾಣುವವೋ ಎಂದು ಬಗ್ಗಿ ನೋಡಿರಲೂಬಹುದು. ಆ ಆಸನವಿದ್ದ ಕಡೆ ಇನ್ನು ಯಂತ್ರದ ಪೆಟ್ಟಿಗೆ ಬರಲಿದೆ. ಅದರ ಮುಂದೆ, ಕೇಳಿದ್ದನ್ನು ಮನೆಯಲ್ಲಿ ಹೇಳಲಾಗದ ಯಾರ ಮನೆಯ ಮಗನೋ ಮಗಳೋ ಕುಳಿತುಕೊಳ್ಳಲಿದ್ದಾರೆ.